ಪಂಚನಾಮೆಯಿಲ್ಲದ ಸಾವುಗಳು

ನಮ್ಮ ಕರಾವಳಿಯ ಪತ್ರಿಕೆಗಳ ಒಳಪುಟದಲ್ಲಿ ಆಗಾಗ ಒಂದು ಪುಟ್ಟ ಸುದ್ದಿ ಬರುತ್ತದೆ. ಕಡಲ ಕಿನಾರೆಯಲ್ಲಿ ಡಾಲ್ಫಿನ್ ಕಳೇಬರ ಪತ್ತೆ. ಇನ್ನೊಮ್ಮೆ ಕಡಲಾಮೆ, ಮತ್ತೊಮ್ಮೆ ತಿಮಿಂಗಿಲ. ನೋಡಲು ಜನ ಸೇರಿದ್ದು, ವಾಸನೆ ಹಬ್ಬಿದ್ದು, ಹೊಂಡ ತೆಗೆದು ಹೂಳಿದ್ದು ಎಲ್ಲವೂ ಅದರಲ್ಲಿರುತ್ತದೆ. ಕೊನೆಯ ಸಾಲು ಮಾತ್ರ ಬದಲಾಗುವುದು ಅಪರೂಪ: ಸಾವಿಗೆ ಕಾರಣ ತಿಳಿದುಬಂದಿಲ್ಲ.

ತಿಳಿದುಬಂದಿಲ್ಲವೋ, ತಿಳಿಯುವುದೇ ಬೇಡವೋ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಹುಲಿ, ಆನೆಗಳ ಜೊತೆಯಲ್ಲೇ ಡಾಲ್ಫಿನ್, ತಿಮಿಂಗಿಲ, ಕಡಲಾಮೆಗಳಿವೆ. ಕಾಡಿನಲ್ಲಿ ಹುಲಿ ಸತ್ತರೆ ಪಶುವೈದ್ಯರು ಬರುತ್ತಾರೆ, ಮರಣೋತ್ತರ ಪರೀಕ್ಷೆ ನಡೆಯುತ್ತದೆ, ವಿಷಪ್ರಾಶನವೋ ಉರುಳೋ ಎಂಬ ತನಿಖೆಯಾಗುತ್ತದೆ. ಅದೇ ಕಾನೂನಿನ ಅಷ್ಟೇ ರಕ್ಷಣೆ ಪಡೆದ ಡಾಲ್ಫಿನ್ ದಡಕ್ಕೆ ಬಿದ್ದರೆ? ಪರೀಕ್ಷೆಯೇ ನಡೆದರೂ ಅದರ ಫಲಿತಾಂಶವನ್ನು ನೀವು ಎಷ್ಟು ಸಲ ಓದಿದ್ದೀರಿ? ಕೇಂದ್ರ ಪರಿಸರ ಸಚಿವಾಲಯ 2021ರ ಜನವರಿಯಲ್ಲಿ ದಡಕ್ಕೆ ಬೀಳುವ ದೊಡ್ಡ ಕಡಲಜೀವಿಗಳ ಬಗ್ಗೆ ಮಾರ್ಗಸೂಚಿಯನ್ನೇ ಹೊರಡಿಸಿದೆ. ಕಾಗದಕ್ಕೆ ಬರಗಾಲವಿಲ್ಲ.

ಸಂಭವನೀಯ ಕಾರಣಗಳೂ ನಿಗೂಢವಲ್ಲ. ಆಮೆ, ಡಾಲ್ಫಿನ್‌ಗಳು ನಮ್ಮ ಹಾಗೆಯೇ ಶ್ವಾಸಕೋಶದಿಂದ ಉಸಿರಾಡುವ ಜೀವಿಗಳು. ಟ್ರಾಲ್ ಬಲೆಯಲ್ಲೋ, ಕಡಲಲ್ಲಿ ಬಿಟ್ಟುಹೋದ ಹರಕು ಬಲೆಯಲ್ಲೋ ಸಿಕ್ಕಿಕೊಂಡರೆ ಮೇಲೆ ಬರಲಾಗದೆ ಉಸಿರುಕಟ್ಟಿ ಸಾಯುತ್ತವೆ. ಟ್ರಾಲ್ ಬಲೆಗೆ ಕಂಬಿಯ ಚೌಕಟ್ಟೊಂದನ್ನು ಅಳವಡಿಸಿ ಹೊರದಾರಿ ಬಿಟ್ಟರೆ ಆಮೆ ಪಾರಾಗುತ್ತದೆ, ಸಿಗಡಿ ಉಳಿಯುತ್ತದೆ. ಇದನ್ನು ನಾವು ಬಳಸುತ್ತಿಲ್ಲವೆಂದೇ ಅಮೆರಿಕ 2019ರಲ್ಲಿ ಭಾರತದ ಕಡಲ ಸಿಗಡಿಯ ಆಮದು ನಿಲ್ಲಿಸಿತು.

ಎರಡನೆಯದು ಹಡಗುಗಳು. 2022ರ ಜೂನ್‌ನಲ್ಲಿ ಉಕ್ಕಿನ ಸುರುಳಿ ಹೊತ್ತ ಪ್ರಿನ್ಸೆಸ್ ಮಿರಾಲ್ ಹಡಗು ಉಳ್ಳಾಲದ ಬಟ್ಟಪ್ಪಾಡಿಯೆದುರು ಮುಳುಗಿತು. 2025ರ ಮೇ 25ರಂದು ಕೊಚ್ಚಿಯಾಚೆ ಮುಳುಗಿದ ಎಂಎಸ್‌ಸಿ ಎಲ್ಸಾ 3ರಲ್ಲಿ 640 ಕಂಟೇನರ್‌ಗಳಿದ್ದವು. 13ರಲ್ಲಿ ಅಪಾಯಕಾರಿ ಸರಕು, 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್. ಅದರೊಳಗಿದ್ದ ಪ್ಲಾಸ್ಟಿಕ್ ಕಾಳುಗಳು ತಿರುವನಂತಪುರದ ಮರಳಿನವರೆಗೂ ಬಂದವು. ಇದರ ಜೊತೆಗೆ ಹಡಗಿನ ಡಿಕ್ಕಿ, ಎಣ್ಣೆ, ಆಮೆ ಆಹಾರವೆಂದು ನುಂಗುವ ಪ್ಲಾಸ್ಟಿಕ್ ಚೀಲ, ಊರ ಚರಂಡಿ, ಕಾರ್ಖಾನೆಯ ಕೊಳೆನೀರು.

ನಿಸರ್ಗದ ಪಾಲೂ ಇದೆ. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಕಡಲಿನ ತಳದಿಂದ ಆಮ್ಲಜನಕ ತೀರಾ ಕಡಿಮೆಯಿರುವ ನೀರು ದಡದತ್ತ ಏರಿಬರುತ್ತದೆ. ಆಗ ಮೀನುಗಳು ಸಾಯುವುದುಂಟು. ಹಾಗಾಗಿ ಕಂಡ ಸಾವನ್ನೆಲ್ಲ ಕಾರ್ಖಾನೆಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಆದರೆ ಇಷ್ಟು ಕಾರಣಗಳಿರುವಾಗ ಯಾವುದು ಹೌದು, ಯಾವುದು ಅಲ್ಲ ಎಂದು ಹೇಳಬಲ್ಲ ಸಾಕ್ಷಿ ಒಂದೇ: ಆ ದೇಹ. ಬಲೆಯ ಗೀರು ಚರ್ಮದಲ್ಲಿರುತ್ತದೆ, ಪ್ಲಾಸ್ಟಿಕ್ ಹೊಟ್ಟೆಯಲ್ಲಿರುತ್ತದೆ, ವಿಷ ಯಕೃತ್ತು, ಕೊಬ್ಬುಗಳಲ್ಲಿರುತ್ತದೆ. ನಮ್ಮ ಸೆಕೆಯಲ್ಲಿ ಒಂದೆರಡು ದಿನ ಕಳೆದರೆ ಎಲ್ಲವೂ ಕೊಳೆತುಹೋಗುತ್ತದೆ. ಪರೀಕ್ಷಿಸದೆ ಹೂಳುವುದೆಂದರೆ ಸಾಕ್ಷಿಯನ್ನು ಹೂಳುವುದು.

ಇದರಿಂದ ಯಾರಿಗೆ ಲಾಭ? ದೊಡ್ಡ ಬೋಟಿನವರು ಕಾರ್ಖಾನೆಯತ್ತ ಬೆರಳು ತೋರಿಸುತ್ತಾರೆ. ಕಾರ್ಖಾನೆಯವರು ಬೋಟಿನತ್ತ. ಹಡಗಿನ ಮಾಲೀಕ ಯಾವುದೋ ದೇಶದಲ್ಲಿರುತ್ತಾನೆ. ಇಲಾಖೆ ಕಡಲಿನತ್ತ ಕೈ ತೋರಿಸುತ್ತದೆ. 'ಕಾರಣ ತಿಳಿದುಬಂದಿಲ್ಲ' ಎಂಬ ಮಾತು ಇವರೆಲ್ಲರಿಗೂ ಒಟ್ಟಿಗೇ ಸಿಗುವ ಖುಲಾಸೆ. ಸಿಕ್ಕಿಬೀಳುವವನು ಕೊನೆಗೆ ಒಬ್ಬನೇ, ಸಣ್ಣ ದೋಣಿಯ ಬಡ ಮೀನುಗಾರ. ಅವನ ಬಾಯಿ ಎಲ್ಲಿಗೂ ತಲುಪುವುದಿಲ್ಲ.

'ವಿಟ್ಲದಲ್ಲಿ ಕೂತು ನಿಮಗೆ ಕಡಲಿನ ಚಿಂತೆ ಯಾಕೆ ಮಾರಾಯ್ರೆ?' ಎಂದು ಕೇಳುವವರಿದ್ದಾರೆ. ಅಡಿಕೆ ತೋಟದ ಊರು, ಕಡಲು ಕಾಣದ ಊರು, ನಿಜ. ಆದರೆ ದಕ್ಕೆಯಿಂದ ಬಂದ ಬಂಗುಡೆ, ಬೂತಾಯಿಯ ಸಾರು ನಮ್ಮ ಒಲೆಯ ಮೇಲೂ ಕುದಿಯುತ್ತದೆ. ಬಂಟ್ವಾಳ ತಾಲೂಕನ್ನು ಹಾದುಹೋಗುವ ನೇತ್ರಾವತಿ ತಾನು ಕಂಡದ್ದನ್ನೆಲ್ಲ ಹೊತ್ತು ಕಡಲಿಗೇ ಸುರಿಯುತ್ತಾಳೆ. ಇದಕ್ಕಿಂತ ಹತ್ತಿರದ ಪಾಠವೂ ನಮಗಿದೆ.

ವಿಟ್ಲದಿಂದ ಅಡ್ಯನಡ್ಕ, ಸಾರಡ್ಕ ದಾಟಿದರೆ ಕೇರಳದ ಎಣ್ಮಕಜೆ ಪಂಚಾಯತು. ಅಲ್ಲಿನ ಗೇರು ತೋಟಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಸಿತು. ಒಂದು ಲೀಟರ್ ನೀರಿನಲ್ಲಿ ಗ್ರಾಮಿನ ಹತ್ತು ಲಕ್ಷದ ಒಂದು ಪಾಲಿನಷ್ಟು ಬೆರೆತರೂ ಕೆಲವು ಜಾತಿಯ ಮೀನುಗಳನ್ನು ಕೊಲ್ಲಬಲ್ಲ ವಿಷ ಅದು. ಜೇನ್ನೊಣ, ಕಪ್ಪೆ, ತೋಡಿನ ಮೀನು ಕಾಣೆಯಾಗುತ್ತಿವೆ ಎಂದು ಊರವರು ಹೇಳುತ್ತಿದ್ದರು. ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು ಪಡ್ರೆಯ ಶ್ರೀಪಡ್ರೆಯವರು 1979ರಲ್ಲೇ ಬರೆದರು. ಯಾರೂ ಪಂಚನಾಮೆ ಬರೆಯಲಿಲ್ಲ. ನಮ್ಮ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಇದೇ ವಿಷ, ಇದೇ ಮೌನ. ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕುವ ಹೊತ್ತಿಗೆ 2011 ಬಂದಿತ್ತು. ಅಷ್ಟರಲ್ಲಿ ಮನೆಮನೆಯಲ್ಲಿ ಹಾಸಿಗೆ ಹಿಡಿದ ಮಕ್ಕಳಿದ್ದರು. ಮೀನು ಸತ್ತಾಗ ಕೇಳದವರು ಮಕ್ಕಳ ಸರದಿ ಬಂದಾಗ ಪುರಾವೆ ಕೇಳಿದರು.

ಆದ್ದರಿಂದ ಕೇಳಬೇಕಾದ್ದು ದೊಡ್ಡದೇನಲ್ಲ. ದಡಕ್ಕೆ ಬಿದ್ದ ಪ್ರತಿ ದೊಡ್ಡ ಜೀವಿಯನ್ನೂ ಅದೇ ದಿನ ಪಶುವೈದ್ಯರು ಪರೀಕ್ಷಿಸಲಿ. ಫೋಟೋ, ಅಳತೆ, ಅಂಗಾಂಶದ ಮಾದರಿ ಉಳಿಯಲಿ. ವರದಿ ಕನ್ನಡದಲ್ಲಿ ಪಂಚಾಯತಿನ ಗೋಡೆಗೆ ಬರಲಿ. ಏನೂ ಗೊತ್ತಾಗದಿದ್ದರೆ ಏನೇನು ಪರೀಕ್ಷಿಸಿ ಗೊತ್ತಾಗಲಿಲ್ಲ ಎಂದಾದರೂ ಬರೆಯಲಿ. ನೇತ್ರಾವತಿ, ಫಲ್ಗುಣಿಗಳು ಕಡಲು ಸೇರುವ ಅಳಿವೆಯ ನೀರಿನ ಲೆಕ್ಕ ತಿಂಗಳಿಗೊಮ್ಮೆ ಜನರ ಮುಂದೆ ಬರಲಿ. ಸಿಕ್ಕಿದ ಆಮೆಯನ್ನೋ ಡಾಲ್ಫಿನ್ನನ್ನೋ ಬಿಡಿಸಲು ಬಲೆ ಕತ್ತರಿಸಿದ ಮೀನುಗಾರನಿಗೆ 25,000 ರೂಪಾಯಿಯವರೆಗೆ ಪರಿಹಾರ ಕೊಡುವ ಏರ್ಪಾಡನ್ನು ಮಹಾರಾಷ್ಟ್ರ ಸರಕಾರ 2018ರಲ್ಲಿ ಮಾಡಿತು. ಅಂಥ ಪರಿಹಾರ ನಮ್ಮ ಪ್ರತಿ ದಕ್ಕೆಯಲ್ಲೂ, ಅಲೆದಾಟವಿಲ್ಲದೆ, ಸಿಗುವಂತಾಗಲಿ.

ಇಷ್ಟು ಮಾಡಿದ ಮೇಲೂ 'ಕಾರಣ ತಿಳಿದುಬಂದಿಲ್ಲ' ಎಂದರೆ ನಂಬೋಣ. ಅಲ್ಲಿಯವರೆಗೆ, ಮುಂದಿನ ಸಲ ಆ ಸುದ್ದಿ ಓದಿದವರು ಮೀನುಗಾರಿಕೆ ಮತ್ತು ಅರಣ್ಯ ಇಲಾಖೆಗಳಿಗೆ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಲಿ. ಶುಲ್ಕ ಹತ್ತೇ ರೂಪಾಯಿ.