ಸೇವೆಗೆ ಬಸ್ ಚಾರ್ಜು ಕೊಡುವವರಾರು?

ಬಳ್ಳಾರಿ ಸೀಮೆಯಲ್ಲಿ ಹಣಕ್ಕೆ ಬರವಿದೆಯೆಂದು ಯಾರೂ ಹೇಳಲಾರರು. ಗಣಿಗಾರಿಕೆಯಿಂದ ನೊಂದ ನೆಲ ಹಾಗೂ ಜನರ ಪುನಶ್ಚೇತನಕ್ಕಾಗಿ 2014ರಲ್ಲಿ ರಚಿತವಾದ ಸರ್ಕಾರಿ ನಿಗಮದ ಯೋಜನೆಗಳ ಮೊತ್ತ ಇಪ್ಪತ್ತು ಸಾವಿರ ಕೋಟಿ ರೂಪಾಯಿಗಳನ್ನು ಮೀರಿದೆ. 2015ರ ತಿದ್ದುಪಡಿಯಂತೆ ಗಣಿ ಗುತ್ತಿಗೆದಾರರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಪಾಲು ಕೊಡುತ್ತಾರೆ. ದೊಡ್ಡ ಕಂಪನಿಗಳು ಲಾಭದ ಶೇಕಡ 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕೆಂಬುದು 2013ರ ಕಾಯಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ದೋಣಿಮಲೈ ಗಣಿ ಎರಡೂ ಸಂಡೂರು ತಾಲ್ಲೂಕಿನಲ್ಲೇ ಇವೆ. ಇಷ್ಟೆಲ್ಲ ಇದ್ದೂ ಇದೇ ನೆಲದಲ್ಲಿ ಬಡವರ ನಡುವೆ ದುಡಿಯುವ ಸಣ್ಣ ಸೇವಾ ಸಂಸ್ಥೆಗಳು ತಿಂಗಳ ಕೊನೆಯಲ್ಲಿ ಬಸ್ ಚಾರ್ಜಿಗೂ ಲೆಕ್ಕ ಹಾಕಬೇಕಾಗಿರುವುದು ವಿಪರ್ಯಾಸವೇ ಸರಿ.

ಇದಕ್ಕೆ ಕಾರಣವಿದೆ. ದೊಡ್ಡ ಹಣವು ಕಾಗದಪತ್ರಗಳ ದಾರಿಯಲ್ಲಿ ಬರುತ್ತದೆ. ಆ ದಾರಿಯ ಮೊದಲ ಮೆಟ್ಟಿಲನ್ನೇ ಹತ್ತಲಾಗದವರು ಅತ್ಯಂತ ಬಡವರು. ದೇವದಾಸಿ ತಾಯಿಯೊಬ್ಬಳ ಮಗಳ ವಿಷಯವನ್ನೇ ತೆಗೆದುಕೊಳ್ಳೋಣ. ಆ ಅನಿಷ್ಟ ಪದ್ಧತಿಯನ್ನು ನಮ್ಮ ರಾಜ್ಯವು 1982ರ ಕಾಯಿದೆಯ ಮೂಲಕ ನಿಷೇಧಿಸಿದೆ. ಆದರೂ ಅದರ ಗಾಯ ಹೊಸಪೇಟೆ, ಸಂಡೂರು, ಕೂಡ್ಲಿಗಿ ಸೀಮೆಯ ಕೇರಿಗಳಲ್ಲಿ ಮಾಯ್ದಿಲ್ಲ. ಆ ಹುಡುಗಿಗೆ ವಿದ್ಯಾರ್ಥಿವೇತನವುಂಟು, ವಿದ್ಯಾರ್ಥಿನಿಲಯವೂ ಉಂಟು. ಆದರೆ ಅರ್ಜಿಯಲ್ಲಿ ತಂದೆಯ ಹೆಸರೆಂಬ ಒಂದು ಸಾಲು ಇತ್ತು. ಎಷ್ಟೋ ಮಕ್ಕಳು ಆ ಸಾಲಿನ ಬಳಿಯೇ ನಿಂತುಬಿಟ್ಟರು. ತಂದೆಯ ಹೆಸರಿನ ಕಡ್ಡಾಯವನ್ನು ತೆಗೆದುಹಾಕುವ ಹೊಸ ವಿಧೇಯಕವನ್ನು ರಾಜ್ಯ ವಿಧಾನಮಂಡಲವು ಅಂಗೀಕರಿಸಿದ್ದು 2025ರಲ್ಲಿ. ಕಾನೂನು ಬದಲಾದರೂ ಆ ತಾಯಿಯನ್ನು ನಾಡಕಚೇರಿಗೆ ಕರೆದೊಯ್ಯುವವರು ಬೇಕು. ಎರಡು ಬಸ್ ಟಿಕೆಟ್, ಜೆರಾಕ್ಸ್, ಫೋಟೋ, ಕೈತಪ್ಪಿದ ಒಂದು ದಿನದ ಕೂಲಿ, ಸಾಹೇಬರು ಇಲ್ಲದ ದಿನ ಹಿಂದಿರುಗಿ ಮತ್ತೆ ಹೋಗುವ ಖರ್ಚು! ಇದಾವುದಕ್ಕೂ ಯಾವ ಯೋಜನೆಯಲ್ಲೂ ಬಾಬತ್ತಿಲ್ಲ. ಕೆಲವು ನೂರು ರೂಪಾಯಿಗಳ ಈ ಖರ್ಚನ್ನು ಯಾರಾದರೂ ವಹಿಸಿದರೆ ವರ್ಷಗಟ್ಟಲೆ ಬರಬೇಕಾದ ಸರ್ಕಾರಿ ನೆರವಿನ ಬಾಗಿಲು ತೆರೆಯುತ್ತದೆ. ಸಣ್ಣ ಅನುದಾನದ ಬೆಲೆ ಇರುವುದು ಇಲ್ಲಿಯೇ. ಅದು ಸರ್ಕಾರದ ಹಣಕ್ಕೆ ಬದಲಿಯಲ್ಲ. ಸರ್ಕಾರದ ಹಣದವರೆಗೆ ಬಡವರನ್ನು ನಡೆಸಿಕೊಂಡು ಹೋಗುವ ಕೈ.

ಹೊಸಪೇಟೆಯ ಸಖಿ ಟ್ರಸ್ಟ್ ಇಂತಹ ಹೆಣ್ಣುಮಕ್ಕಳ, ಗಣಿ ಕೂಲಿಕಾರರ ಮಕ್ಕಳ ಶಿಕ್ಷಣಕ್ಕೆ ಬಹುಕಾಲದಿಂದ ಬೆನ್ನಿಗೆ ನಿಂತಿದೆ. ಒಬ್ಬ ಹುಡುಗಿ ಏಳನೆಯ ತರಗತಿಯಿಂದ ಪದವಿಯವರೆಗೆ ತಲುಪಲು ಎಂಟು ವರ್ಷ ಬೇಕು. ದಾನಿಗಳ ಉತ್ಸಾಹವೋ ಒಂದು ವರ್ಷಕ್ಕೆ ಬತ್ತುತ್ತದೆ. ಒಮ್ಮೆ ಕೊಡುವ ಒಂದು ಲಕ್ಷಕ್ಕಿಂತ ಎಂಟು ವರ್ಷ ತಪ್ಪದೆ ಬರುವ ಹತ್ತು ಹತ್ತು ಸಾವಿರವೇ ಇಂತಹ ಕೆಲಸಕ್ಕೆ ಹೆಚ್ಚು ಒದಗುತ್ತದೆಂಬುದು ನಮ್ಮ ಅಭಿಪ್ರಾಯ.

ತಾಳ್ಮೆಯ ಬೆಂಬಲ ಏನು ಮಾಡಬಲ್ಲುದೆಂಬುದಕ್ಕೆ ಸಂಡೂರೇ ಸಾಕ್ಷಿ. ಲಂಬಾಣಿ ತಾಂಡಾಗಳ ಮಹಿಳೆಯರ ಸೂಜಿ ಕೆಲಸಕ್ಕೆ ನೆಲೆಯೊದಗಿಸಲು 1984ರಲ್ಲಿ ಸಂಡೂರು ಕುಶಲ ಕಲಾ ಕೇಂದ್ರ ಆರಂಭವಾಯಿತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತದ್ದು 2010ರಲ್ಲಿ, ಎಂದರೆ ಇಪ್ಪತ್ತಾರು ವರ್ಷಗಳ ತರುವಾಯ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಭೆ ನಡೆದಾಗ 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಪತ್ರಿಕೆಗಳಲ್ಲಿ ದಾಖಲೆಯ ಸುದ್ದಿ ಬಂತು. ಆದರೆ ಕಸೂತಿಯಲ್ಲಿ ಹಣ ಹೇಗೆ ಓಡಾಡುತ್ತದೆಂಬುದನ್ನು ಬಲ್ಲವರು ಕಡಿಮೆ. ಬಟ್ಟೆ, ದಾರ, ಕನ್ನಡಿ ಚೂರುಗಳನ್ನು ಮೊದಲು ಕೊಳ್ಳಬೇಕು. ಹೊಲಿಗೆಗೆ ವಾರಗಳು ಹಿಡಿಯುತ್ತವೆ, ಕೊಂಡವರ ಹಣ ಬರುವುದು ಅದಕ್ಕೂ ತಡವಾಗಿ. ಈ ನಡುವಿನ ತಿಂಗಳುಗಳಿಗೆ ಕೈಬಂಡವಾಳವಿಲ್ಲದ ಹೆಣ್ಣುಮಕ್ಕಳು ಕಬ್ಬು ಕಡಿಯಲು, ಕಾಫಿ ತೋಟಗಳಿಗೆ ಗುಳೆ ಹೋಗುವುದೇ ಸರಿ ಎಂದುಕೊಳ್ಳುತ್ತಾರೆ. ಹೊಸದಾಗಿ ಸೂಜಿ ಹಿಡಿದ ಯಾವುದೇ ಪುಟ್ಟ ಗುಂಪನ್ನು ಗುಳೆಯಿಂದ ತಡೆಯಲು ಬೇಕಾದದ್ದು ಈ ಕೈಬಂಡವಾಳವೇ.

ಹಂಪಿಯ ಎದುರು ದಂಡೆಯ ಆನೆಗೊಂದಿಯಲ್ಲಿ 1997ರಲ್ಲಿ ಆರಂಭವಾದ ಕಿಷ್ಕಿಂದಾ ಟ್ರಸ್ಟ್ ಬಾಳೆನಾರಿನ ಕೈಕೆಲಸದಿಂದ ಹಳ್ಳಿಯ ಮಹಿಳೆಯರಿಗೆ ದುಡಿಮೆಯ ದಾರಿ ತೋರಿಸಿದ ಕಥೆಯೂ ಇಂತಹುದೇ. ಈ ಸೀಮೆಗೆ ಇಂತಹ ಸಣ್ಣ ಆಸರೆಗಳು ಎಷ್ಟು ಅಗತ್ಯವೆಂಬುದು 2011ರ ಜುಲೈ ಕೊನೆಯಲ್ಲಿ ಸ್ಪಷ್ಟವಾಯಿತು. ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅದೇ ದಿನಗಳಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಮನೆ-ಅಂಗಡಿಗಳು ನೆಲಸಮವಾದವು. ಎರಡಕ್ಕೂ ಕಾನೂನಿನ ಕಾರಣಗಳಿದ್ದವು. ಅಕ್ರಮ ಗಣಿಗಾರಿಕೆ ನಿಲ್ಲಲೇಬೇಕಿತ್ತು. ಆದರೆ ಅದಿರು ಒಡೆಯುತ್ತಿದ್ದ ಕೂಲಿಯವಳಿಗೂ ಬಜಾರಿನ ಚಹಾ ಅಂಗಡಿಯವನಿಗೂ ಮರುದಿನದ ಗಂಜಿಗೆ ದಾರಿ ಯಾವುದೆಂದು ಆಜ್ಞೆಗಳಲ್ಲಿ ಬರೆದಿರಲಿಲ್ಲ.

ಕಂಪ್ಲಿಯ ಕಷ್ಟ ನದಿಯಿಂದ ಬರುವಂತಹುದು. ತುಂಗಭದ್ರಾ ಅಣೆಕಟ್ಟೆಯಿಂದ ಹೆಚ್ಚು ನೀರು ಹರಿಸಿದಾಗಲೆಲ್ಲ ಗಂಗಾವತಿ ರಸ್ತೆಯ ಸೇತುವೆ ಮುಳುಗುತ್ತದೆ, ಕೋಟೆ ಭಾಗದ ಮನೆಗಳಿಗೆ ನೀರು ನುಗ್ಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ ನದಿಪಾತ್ರದ ಊರುಗಳ ಜನ ಎಷ್ಟು ಆತಂಕದಲ್ಲಿದ್ದರೆಂಬುದನ್ನು ಮರೆಯಲಾಗದು. ಪರಿಹಾರದ ಹಣ ಸಮೀಕ್ಷೆಯ ನಂತರವೇ ಬರಬೇಕು. ಅಲ್ಲಿಯವರೆಗಿನ ಹದಿನೈದು ದಿನಗಳಿಗೆ ಅಕ್ಕಿ, ಚಾಪೆ, ಒಂದು ಹೊಸ ಬಲೆ, ಹರಿಗೋಲಿನ ದುರಸ್ತಿ ಬೇಕು. ಊರಿನಲ್ಲೇ ಇರುವ ಸಂಘದ ಕೈಯಲ್ಲಿ ಮೊದಲೇ ಸ್ವಲ್ಪ ಹಣವಿದ್ದರೆ ಇದು ಮರುದಿನವೇ ಆಗುವ ಕೆಲಸ.

ಈಗ ಈ ವಿಷಯವನ್ನು ಎತ್ತಲು ಇನ್ನೊಂದು ಕಾರಣವೂ ಇದೆ. ಹಿಂದೆ ಹೊರದೇಶದ ದೇಣಿಗೆಯನ್ನು ದೊಡ್ಡ ಸಂಸ್ಥೆಗಳು ಪಡೆದು ಹಳ್ಳಿಗಾಡಿನ ಸಣ್ಣ ಸಂಸ್ಥೆಗಳಿಗೆ ಹಂಚುವ ಪದ್ಧತಿಯಿತ್ತು. ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಗೆ 2020ರಲ್ಲಾದ ತಿದ್ದುಪಡಿಯು ಹೀಗೆ ಒಂದು ಸಂಸ್ಥೆಯಿಂದ ಮತ್ತೊಂದಕ್ಕೆ ಹಣ ವರ್ಗಾಯಿಸುವುದನ್ನು ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನೂ ಶೇಕಡ 50ರಿಂದ 20ಕ್ಕೆ ಇಳಿಸಿತು. ಆ ಕಾಯಿದೆಯ ಸರಿತಪ್ಪುಗಳ ಚರ್ಚೆ ಇಲ್ಲಿ ಬೇಡ. ಪರಿಣಾಮವಂತೂ ಸ್ಪಷ್ಟ: ಜರ್ಮನಿಯಿಂದಲೋ ಇಟಲಿಯಿಂದಲೋ ಯಾರೋ ಕೊಡುತ್ತಾರೆಂದು ನಾವು ಕೈಕಟ್ಟಿ ಕುಳಿತಿರುವ ಕಾಲ ಮುಗಿಯಿತು. ಸಣ್ಣ ಸಂಸ್ಥೆಗಳಿಗೆ ಇನ್ನು ಉಳಿದಿರುವುದು ಸ್ಥಳೀಯರ ಕಾಣಿಕೆಯೇ.

ಇದು ಧರ್ಮಸಭೆಗೆ ಹೊಸ ಪಾಠವೇನಲ್ಲ. ಜೆರುಸಲೇಮಿನ ಬಡವರಿಗಾಗಿ ಪ್ರತಿ ವಾರದ ಮೊದಲ ದಿನ ತಂತಮ್ಮ ಶಕ್ತ್ಯನುಸಾರ ಹಣ ತೆಗೆದಿರಿಸಬೇಕೆಂದು ಸಂತ ಪೌಲರು ಕೊರಿಂಥದ ಸಭೆಗೆ ಬರೆದರು. ತಾವು ಬಂದಾಗ ಅವಸರದಲ್ಲಿ ವಸೂಲಿ ನಡೆಯಬಾರದೆಂಬುದೂ ಅವರ ಇಚ್ಛೆಯಾಗಿತ್ತು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಝಾನಾಂ ಹಾಗೂ ಅವರ ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದೇ ಪೌಲ್ ಸಭೆಯೂ ಬಡವರ ಮನೆಗೆ ತಾವೇ ಹೋಗುವುದನ್ನು ನಿಯಮವಾಗಿಸಿಕೊಂಡಿತು. ಹೋಗಿ ನೋಡಿದವರಿಗೆ ಎಲ್ಲಿ ಎಷ್ಟು ಬೇಕೆಂಬುದು ಗೊತ್ತಿರುತ್ತದೆ.

ನಮ್ಮ ಕುಟುಂಬಗಳು ಕೊಡುವುದೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಕೊಡುವ ಬಗೆಯ ಮೇಲೆ ಆಕ್ಷೇಪವಿದೆ. ಕ್ರಿಸ್ಮಸ್ ಸಮಯದಲ್ಲಿ ಕಂಬಳಿಗಳ ರಾಶಿ ಬೀಳುತ್ತದೆ. ಒಂದೇ ಮನೆಗೆ ಮೂರು ಕಂಬಳಿ ಹೋದರೂ ಆಶ್ಚರ್ಯವಿಲ್ಲ. ಕಟ್ಟಡಕ್ಕೆ, ಹೆಸರು ಕೆತ್ತಿಸಬಹುದಾದ ಫ್ಯಾನಿಗೆ ದಾನಿಗಳು ಸಿಗುತ್ತಾರೆ. ಕಾರ್ಯಕರ್ತೆಯ ಗೌರವಧನಕ್ಕೆ, ಕೋಣೆಯ ಬಾಡಿಗೆಗೆ ಕೊಡಿರೆಂದರೆ ಮುಖ ತಿರುಗಿಸುತ್ತಾರೆ. ಹತ್ತು ಸಾವಿರ ಕೊಟ್ಟು ಇಪ್ಪತ್ತು ಪುಟದ ವರದಿ, ಫಲಾನುಭವಿಗಳ ಸಾಲು ಫೋಟೋ ಕೇಳುವವರೂ ಇದ್ದಾರೆ! ಲೆಕ್ಕ ಬೇಡವೆಂದಲ್ಲ. ಒಂದು ಹಾಳೆಯ ಜಮಾಖರ್ಚು, ವರ್ಷಕ್ಕೆರಡು ಬಾರಿ ನಾವೇ ಹೋಗಿ ನೋಡಿ ಬರುವುದು, ಇಷ್ಟಾದರೆ ಯಾವ ಮೋಸವೂ ಬಹುಕಾಲ ಅಡಗಿರಲಾರದು.

ಇನ್ನು, ನಮ್ಮ ಧರ್ಮಕೇಂದ್ರದ ಹಣ ನಮ್ಮವರಲ್ಲದವರ ಸಂಸ್ಥೆಗೆ ಏಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಈ ಭಾಗದಲ್ಲಿ ನಾವು ಸಂಖ್ಯೆಯಲ್ಲಿ ಅಲ್ಪರು. ತಾಂಡಾದ ಭಾಷೆ, ಕೇರಿಯ ನೋವು ಅಲ್ಲೇ ಹುಟ್ಟಿದವರಿಗೆ ತಿಳಿದಷ್ಟು ನಮಗೆ ತಿಳಿಯದು. ಕೆಲಸ ಬಲ್ಲವರ ಕೈಗೆ ಹಣ ಕೊಟ್ಟು ನಾವು ಹಿಂದೆ ನಿಲ್ಲುವುದರಲ್ಲಿ ಅವಮಾನವೇನೂ ಇಲ್ಲ. ಗಾಯಗೊಂಡವನನ್ನು ವಸತಿಗೃಹಕ್ಕೆ ಸೇರಿಸಿದ ಸಮಾರಿಯನೂ ಆರೈಕೆಯನ್ನು ಅದರ ಒಡೆಯನಿಗೆ ಒಪ್ಪಿಸಿ, ಹಣ ಕೊಟ್ಟು, ಹೆಚ್ಚಾದದ್ದನ್ನು ಹಿಂದಿರುಗುವಾಗ ಕೊಡುವೆನೆಂದು ಹೇಳಿ ಹೊರಟನಲ್ಲವೆ?

ಆದ್ದರಿಂದ ಪಾಲನಾ ಸಮಿತಿಗಳಿಗೆ ನಮ್ಮದೊಂದು ಸೂಚನೆ. ತಪಸ್ಸುಕಾಲದ ಕಾಣಿಕೆಯಲ್ಲಿ ಒಂದು ಪಾಲನ್ನು ಹತ್ತಿರದ ಒಂದೆರಡು ಸಣ್ಣ ಸಂಸ್ಥೆಗಳಿಗೆ ಕನಿಷ್ಠ ಮೂರು ವರ್ಷ ತಪ್ಪದೆ ಕೊಡುವೆವೆಂದು ನಿರ್ಣಯಿಸಲಿ. ಬಸ್ ಚಾರ್ಜು, ಬಾಡಿಗೆ, ಗೌರವಧನ ಯಾವುದಕ್ಕಾದರೂ ಬಳಸಿಕೊಳ್ಳಲು ಬಿಡಲಿ. ಹಣ ಪಾಸ್ಖ ಹಬ್ಬದ ಹೊತ್ತಿಗೆ ಒಟ್ಟಾಗುತ್ತದೆ. ಅದನ್ನು ಕ್ರಿಸ್ಮಸ್‌ವರೆಗೆ ಬ್ಯಾಂಕಿನಲ್ಲಿ ಇಡುವುದು ಬೇಡ. ಶಾಲೆಗಳು ತೆರೆಯುವುದು ಜೂನ್ ಹೊತ್ತಿಗೆ. ಗುಳೆ ಹೋದವರ ಮಕ್ಕಳು ಮತ್ತೆ ಶಾಲೆಗೆ ಸೇರುವರೋ ಇಲ್ಲವೋ ಎಂಬುದು ಮೇ ತಿಂಗಳಲ್ಲೇ ತೀರ್ಮಾನವಾಗಿಬಿಡುತ್ತದೆ.