ಮಕ್ಕಳ ದವಾಖಾನೆಯಿಂದ ದೊಡ್ಡವರ ದವಾಖಾನೆಗೆ

ಎಳೆತನದಲ್ಲಿಯೇ ದೀರ್ಘರೋಗ ಅಂಟಿಕೊಂಡ ಮಕ್ಕಳು ಪ್ರಾಯಕ್ಕೆ ಬಂದಾಗ ಅವರ ಔಷಧೋಪಚಾರದ ಗತಿ ಏನು ಎಂಬ ಪ್ರಶ್ನೆಯನ್ನು ಈ ಸಲ ಎತ್ತಿಕೊಂಡಿದ್ದೇವೆ. ಪಗಾರ, ಬೋನಸ್ಸು, ಖೋಲಿಯ ಬಾಡಿಗೆಗಳ ಮಾತು ಬಿಟ್ಟು ಇದೇಕೆ ಎಂದು ಕೆಲವು ಬಂಧುಗಳು ಕೇಳಬಹುದು. ಮನೆಯಲ್ಲಿ ಅಂಥದೊಂದು ಮಗು ಇರುವ ಕಾಮಗಾರನು ಮಾತ್ರ ಕೇಳಲಾರನು. ಅವನ ಪಗಾರದಲ್ಲಿ ಎಷ್ಟು ಪಾಲು ಔಷಧಕ್ಕೆ, ಅವನ ರಜೆಯಲ್ಲಿ ಎಷ್ಟು ದಿನ ದವಾಖಾನೆಯ ಸಾಲಿನಲ್ಲಿ ನಿಲ್ಲುವುದಕ್ಕೆ ಹೋಗುತ್ತದೆಂಬುದು ಅವನಿಗೇ ಗೊತ್ತು.

ಈ ಪ್ರಶ್ನೆ ನಮ್ಮ ಅಜ್ಜಂದಿರ ಕಾಲದಲ್ಲಿ ಇರಲಿಲ್ಲ. ಏಕೆಂದರೆ ಅಂಥ ಮಕ್ಕಳು ಆಗ ಪ್ರಾಯಕ್ಕೆ ಬರುತ್ತಿರಲಿಲ್ಲ. 1922ರಲ್ಲಿ ಕೆನಡಾದ ಟೊರೊಂಟೋ ನಗರದಲ್ಲಿ ಮೊದಲ ಬಾರಿಗೆ ರೋಗಿಯೊಬ್ಬನಿಗೆ ಇನ್ಸುಲಿನ್ ಚುಚ್ಚುವ ವರೆಗೆ, ಎಳೆಯ ವಯಸ್ಸಿನ ಮಧುಮೇಹವೆಂದರೆ ಕೆಲ ತಿಂಗಳ ಬಾಳು ಅಷ್ಟೆ. ಹುಟ್ಟಿನಿಂದ ಹೃದಯದೋಷವಿದ್ದು ಮೈ ನೀಲಿಗಟ್ಟುತ್ತಿದ್ದ ಕೂಸುಗಳಿಗೆ ಶಸ್ತ್ರಕ್ರಿಯೆ ಮಾಡುವ ದಾರಿ ಅಮೇರಿಕದ ಬಾಲ್ಟಿಮೋರಿನಲ್ಲಿ ತೆರೆದದ್ದು 1944ರಲ್ಲಿ. ಥಲಸ್ಸೇಮಿಯಾದ ಮಕ್ಕಳು ಮೇಲಿಂದ ಮೇಲೆ ರಕ್ತ ಪಡೆದು, ಮೈಯಲ್ಲಿ ಕೂಡಿಕೊಳ್ಳುವ ಕಬ್ಬಿಣಾಂಶವನ್ನು ಔಷಧದಿಂದ ಹೊರಹಾಕಿಕೊಂಡು ಇಂದು ಬೆಳೆದು ದೊಡ್ಡವರಾಗುತ್ತಿದ್ದಾರೆ. ಇದು ವೈದ್ಯಶಾಸ್ತ್ರದ ಜಯ. ಆದರೆ ಬದುಕಿದ ಮಗು ಬೆಳೆಯುತ್ತದೆ, ರೋಗ ಮಾತ್ರ ಬಿಡುವುದಿಲ್ಲ ಎಂಬುದನ್ನು ನಮ್ಮ ದವಾಖಾನೆಗಳ ವ್ಯವಸ್ಥೆ ಇನ್ನೂ ಮನಸ್ಸಿಗೆ ತಂದುಕೊಂಡಂತಿಲ್ಲ.

ಪರೇಲಿನಲ್ಲಿ ಗಿರಣಿಗಳ ನೆರೆಯಲ್ಲಿಯೇ 1929ರಲ್ಲಿ ವಾಡಿಯಾ ಮಕ್ಕಳ ಆಸ್ಪತ್ರೆ ಎದ್ದು ನಿಂತಿತು. ಮಕ್ಕಳಿಗೆಂದೇ ಬೇರೆ ಆಸ್ಪತ್ರೆ ಬೇಕೆಂಬ ಅರಿವು ಈ ನಗರಕ್ಕೆ ಅಷ್ಟು ಹಳೆಯದು. ಆದರೆ ಮಕ್ಕಳೆಂದರೆ ಎಷ್ಟು ವಯಸ್ಸಿನ ವರೆಗೆ? ದೇಶದ ಅನೇಕ ಸಾರ್ವಜನಿಕ ಆಸ್ಪತ್ರೆಗಳ ಮಕ್ಕಳ ವಿಭಾಗ 12 ವರ್ಷಕ್ಕೆ ಬಾಗಿಲು ಹಾಕುತ್ತದೆ. ಕೆಲವೆಡೆ 18 ತುಂಬುವ ವರೆಗೆ ನೋಡುತ್ತಾರೆ. ಶಾಲೆ ಅಂಗನವಾಡಿಗಳಲ್ಲಿ ಮಕ್ಕಳನ್ನು ತಪಾಸಿಸಿ ಹೃದಯದೋಷ ಮೊದಲಾದವಕ್ಕೆ ಚಿಕಿತ್ಸೆ ಕೊಡಿಸಲು ಕೇಂದ್ರ ಸರಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ 18ಕ್ಕೆ ನಿಲ್ಲುತ್ತದೆ. ಕಾಯಿದೆಗೆ ಒಂದು ಗೆರೆ ಬೇಕು, ಒಪ್ಪೋಣ. ಆದರೆ ಗೆರೆಯ ಈಚೆಯ ದಡದಿಂದ ಆಚೆಯ ದಡಕ್ಕೆ ಹುಡುಗನನ್ನು ಕೈಹಿಡಿದು ದಾಟಿಸುವವರು ಯಾರು? “ಇನ್ನು ದೊಡ್ಡವರ ಕಡೆ ತೋರಿಸಿ” ಎಂದು ಕೇಸ್ ಪೇಪರಿನ ಮೇಲೆ ಒಂದು ಸಾಲು ಗೀಚಿಕೊಟ್ಟರೆ ಕೆಲಸ ಮುಗಿಯಿತೇ?

ಅಲ್ಲಿ ಹೋದರೆ ಲೋಕವೇ ಬೇರೆ. ಮಕ್ಕಳ ವಿಭಾಗದಲ್ಲಿ ಹತ್ತು ವರ್ಷ ಕಂಡ ಡಾಕ್ಟರರು, ಹೆಸರು ಹಿಡಿದು ಕರೆಯುವ ದಾದಿ, ಮಾತೆಲ್ಲ ತಾಯಿಯದು. ದೊಡ್ಡವರ ಕಡೆ ನೂರಾರು ಜನರ ಸಾಲು, ಸಲಕ್ಕೊಬ್ಬ ಹೊಸ ಡಾಕ್ಟರು. ಮಧುಮೇಹದ ವಿಭಾಗದಲ್ಲಿ ಹೆಚ್ಚಿನವರು ನಡುವಯಸ್ಸು ದಾಟಿದವರು. ಅವರಲ್ಲಿ ಬಹಳ ಮಂದಿಗೆ ಪಥ್ಯ ಗುಳಿಗೆಗಳಲ್ಲಿ ನಡೆಯುತ್ತದೆ. ಎಳೆತನದಿಂದ ಬಂದ ಬಗೆಯ ಮಧುಮೇಹಕ್ಕೆ ಗುಳಿಗೆ ಸಾಲದು, ದಿನವೂ ಇನ್ಸುಲಿನ್ ಬೇಕೇ ಬೇಕು. ಕೆಲವೇ ದಿನ ತಪ್ಪಿದರೂ ರಕ್ತ ಆಮ್ಲವಾಗಿ, ವಾಂತಿ ಏದುಸಿರು ಬಂದು, ಪ್ರಜ್ಞೆ ತಪ್ಪಿ ಪ್ರಾಣಕ್ಕೇ ಎರವಾಗಬಹುದು. ಪಕ್ಕದ ಖೋಲಿಯ ಹಿರಿಯರು ತಮ್ಮ ಅನುಭವದಿಂದ “ಸೂಜಿ ಬಿಡು, ಕಷಾಯ ಕುಡಿ” ಎಂದು ಪ್ರೀತಿಯಿಂದಲೇ ಹೇಳಿಯಾರು. ಆ ಪ್ರೀತಿಯಿಂದ ನಮ್ಮ ಹುಡುಗರನ್ನು ದೇವರೇ ಕಾಪಾಡಬೇಕು.

ಲೆಕ್ಕವೂ ಸುಲಭವಲ್ಲ. ನಮ್ಮ ದೇಶದಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್. ಪೆನ್ನಿನಲ್ಲಿ ಹಾಕುವುದು 100 ಯೂನಿಟ್. ಸಿರಿಂಜುಗಳಲ್ಲಿಯೂ ಎರಡು ಬಗೆ. 40ರ ಸೀಸೆಯಿಂದ 100ರ ಸಿರಿಂಜಿನಲ್ಲಿ ಇಪ್ಪತ್ತರ ಗೆರೆಯ ವರೆಗೆ ಎಳೆದರೆ ಮೈಗೆ ಸೇರುವುದು 8 ಯೂನಿಟ್ ಮಾತ್ರ. ದಿನವೂ ತಾಯಿಯೇ ತುಂಬಿ ಚುಚ್ಚುತ್ತಿದ್ದ ಮನೆಯ ಹುಡುಗ ಪರಊರಿನ ಹೋಟೆಲಿನಲ್ಲಿ ಕೆಲಸಕ್ಕೆ ನಿಂತು, ರಾತ್ರಿಪಾಳಿ ಮಾಡಿ, ಧಣಿಗೆ ತಿಳಿದರೆ ಕೆಲಸ ಹೋದೀತೆಂದು ಸೀಸೆಯನ್ನು ಟ್ರಂಕಿನಲ್ಲಿ ಬಚ್ಚಿಟ್ಟರೆ ಏನಾದೀತು? ಸೆಕೆಗೆ ಔಷಧ ಕೆಡುತ್ತದೆ, ಹುಡುಗನೂ ಕೆಡುತ್ತಾನೆ.

ಹೆಣ್ಣುಮಕ್ಕಳ ಪಾಡು ಇದಕ್ಕಿಂತ ಬಿಗಿ. ಚಿಕ್ಕಂದಿನಲ್ಲಿ ಹೃದಯದ ಶಸ್ತ್ರಕ್ರಿಯೆಯಾದ ಹುಡುಗಿಯನ್ನು “ಗುಣವಾಯಿತಲ್ಲ” ಎಂದು ಮುಂದೆ ಯಾರಿಗೂ ತೋರಿಸುವುದಿಲ್ಲ. ಬೀಗರ ಕಡೆಗಂತೂ ಚಕಾರವೆತ್ತುವುದಿಲ್ಲ. ನೀಲಿಗಟ್ಟುವ ಹೃದಯವನ್ನು ಸರಿಪಡಿಸಿದ ಮೇಲೆಯೂ ಕವಾಟ ಸೋರಿ ಎಷ್ಟೋ ವರ್ಷಗಳ ನಂತರ ತೊಂದರೆ ತಲೆದೋರುವುದುಂಟು. ಅದಕ್ಕೆಂದೇ ಆಯುಷ್ಯವಿಡೀ ತಪಾಸಣೆ ಬೇಕು. ಹೃದಯದೋಷವಿರಲಿ ಮಧುಮೇಹವಿರಲಿ, ಗರ್ಭ ನಿಲ್ಲುವ ಮೊದಲೇ ಡಾಕ್ಟರರ ಸಲಹೆ ಬೇಕು. ಮದುವೆಯಾಗಿ ಹುಡುಗಿ ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಹೋಗುತ್ತಾಳೆ, ಅವಳ ಕೇಸ್ ಪೇಪರು ಮುಂಬಯಿಯ ಚಾಳಿನಲ್ಲಿ ಅಟ್ಟದ ಮೇಲೆ ಉಳಿಯುತ್ತದೆ. ಮಾನ ಉಳಿಸುವ ಮುಚ್ಚುಮರೆ ಇದೆಂದು ನಾವು ಒಪ್ಪುವುದಿಲ್ಲ.

ಇಂಗ್ಲಂಡಿನಲ್ಲಿ 2016ರಲ್ಲಿ ಹೊರಟ ಮಾರ್ಗಸೂಚಿಯಂತೆ, ಇಂಥ ಮಕ್ಕಳ ಸಿದ್ಧತೆ 13-14ನೆಯ ವಯಸ್ಸಿಗೇ ಆರಂಭವಾಗಬೇಕು. ಸ್ಥಳಾಂತರದ ಮೊದಲು ಆರು ತಿಂಗಳು, ಆಮೇಲೆ ಆರು ತಿಂಗಳಾದರೂ ಗೊತ್ತಾದ ಒಬ್ಬ ವ್ಯಕ್ತಿ ಜೊತೆಗಿರಬೇಕು. ಅವರಲ್ಲಿರುವಷ್ಟು ದಾದಿಯರು ನಮ್ಮಲ್ಲಿಲ್ಲ ಎಂಬ ಉತ್ತರ ನಮಗೆ ಗೊತ್ತಿದೆ. ದಾದಿಯಿಲ್ಲದಿದ್ದರೂ ಕಾಗದವಿದೆಯಷ್ಟೆ? ರೋಗದ ಹೆಸರು, ಆದ ಶಸ್ತ್ರಕ್ರಿಯೆ, ಈಗಿನ ಔಷಧ, ಇನ್ನು ಯಾವ ವಿಭಾಗಕ್ಕೆ ಯಾವ ವಾರ ಹೋಗಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಟ್ಟು, ಹೊಸ ಡಾಕ್ಟರರ ಬಳಿ ಹುಡುಗ ಮುಟ್ಟಿದನೇ ಎಂದು ವಿಚಾರಿಸುವುದಕ್ಕೆ ಖಜಾನೆ ಬರಿದಾಗದು. ನಗರಪಾಲಿಕೆಯೂ ರಾಜ್ಯ ಸರಕಾರವೂ ಇಷ್ಟನ್ನಾದರೂ ಕೂಡಲೆ ಕಡ್ಡಾಯ ಮಾಡಬೇಕೆಂದು ನಾವು ಆಗ್ರಹಪಡಿಸುತ್ತೇವೆ.

ತಾಯಿತಂದೆಗಳೂ ಸ್ವಲ್ಪ ಹಿಂದೆ ಸರಿಯಬೇಕು. ಹದಿಮೂರರ ಮಗ ಡಾಕ್ಟರರೊಡನೆ ತಾನೇ ಮಾತಾಡಲಿ, ಔಷಧದ ಹೆಸರು ತಾನೇ ಹೇಳಲಿ. ತಪ್ಪಿದರೆ ತಿದ್ದಲು ನೀವಿದ್ದೀರಿ. ಹದಿನೆಂಟರ ನಂತರ ಶಸ್ತ್ರಕ್ರಿಯೆಯ ಒಪ್ಪಿಗೆಗೆ ಸಹಿ ಹಾಕುವವನೂ ಅವನೇ.

ಇನ್ನೊಂದು ಮಾತು. ಕಾಮಗಾರರ ರಾಜ್ಯ ವಿಮೆಯಲ್ಲಿ ಓದುವ ಮಗನ ಹೆಸರು 21ಕ್ಕೆ ಬಿದ್ದುಹೋಗುತ್ತದೆಂದು ತಿಳಿದು ಸುಮ್ಮನಾಗುವವರು ಬಹಳ. ದೇಹದ ಅಥವಾ ಮನಸ್ಸಿನ ದೋಷದಿಂದ ಅಶಕ್ತನಾಗಿ ವಿಮೆದಾರನ ಗಳಿಕೆಯನ್ನೇ ಪೂರ್ತಿ ನಂಬಿರುವ ಮಗುವಿಗೆ, ಆ ಅಶಕ್ತತೆ ಇರುವ ವರೆಗೆ ವಯಸ್ಸಿನ ಮಿತಿಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ರೋಗಗಳನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಅರ್ಜಿ ಬರೆಯಲು ಬಾರದ ಬಂಧುಗಳು ಕೇಸ್ ಪೇಪರುಗಳೊಡನೆ ಸಂಜೆ ಪಾಳಿ ಬಿಟ್ಟ ಮೇಲೆ ಸಂಘದ ಕಚೇರಿಗೆ ಬರಲಿ, ಹುಡುಗನನ್ನೂ ಕರೆತರಲಿ. ಬರೆದುಕೊಡುವ ಏರ್ಪಾಡು ಮಾಡಿದ್ದೇವೆ.