ಬರೀ ಬಿದ್ದ ಗೋಡೆಗಳೇ?



ನನಗೆ ಬೇಕಾದ ಒಂದು ಕುಟುಂಬ 2025ರ ಜೂಬಿಲಿ ವರ್ಷದಲ್ಲಿ ರೋಮ್ ಯಾತ್ರೆ ಮಾಡಿ ಬಂದಿತು. ಬೈಲಹೊಂಗಲದ ಅವರ ಮನೆಗೆ ಒಂದು ಭಾನುವಾರ ಹೋದಾಗ ಚಹಾ ಆರುವವರೆಗೂ ಮಾತು ಮುಗಿಯಲಿಲ್ಲ. ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರವನ್ನು ದಾಟಿದ ಅನುಭವವನ್ನು ಅವರು ಭಕ್ತಿಯಿಂದ ಹೇಳಿದರು. ಆದರೆ ಅವರ ಮಗಳ ಮನಸ್ಸನ್ನು ಹೆಚ್ಚು ಸೆಳೆದಿದ್ದು ಒಂದು ಸಂಜೆಯ ಕಾಲ್ನಡಿಗೆ. ಬಿಸಿಲು ಇಳಿದ ಮೇಲೆ ಮಾರ್ಗದರ್ಶಿಯೊಬ್ಬಳು ಇಪ್ಪತ್ತು ಜನರ ಗುಂಪನ್ನು ಕರೆದುಕೊಂಡು ಎರಡು ತಾಸು ಹಳೆಯ ರೋಮಿನ ಓಣಿಗಳಲ್ಲಿ ನಡೆಸಿದಳಂತೆ. ಅಂಡಾಕಾರದ ನವೋನಾ ಚೌಕದಲ್ಲಿ ನಿಲ್ಲಿಸಿ, ಅದು ಚಕ್ರವರ್ತಿ ದೊಮಿಶಿಯನ್ ಕಟ್ಟಿಸಿದ ಕ್ರೀಡಾಂಗಣದ ಮೇಲೆ ನಿಂತಿದೆ ಎಂದಳಂತೆ. ಪ್ಯಾಂಥಿಯನ್ ಎಂಬ ಪುರಾತನ ದೇಗುಲದ ಮುಂದೆ ನಿಂತು, ಅದು ಕ್ರಿ.ಶ. 609ರಲ್ಲಿ ಚರ್ಚಾಯಿತು, ಆದ್ದರಿಂದಲೇ ಇಂದಿಗೂ ಉಳಿದಿದೆ ಎಂದಳಂತೆ. ಆ ಹುಡುಗಿ ಇಸವಿ ಸಮೇತ ಎಲ್ಲವನ್ನೂ ಒಪ್ಪಿಸಿದಳು. ಕೇಳಿ ನಾನು ಸಂತೋಷಪಟ್ಟೆ.

ಅದೇ ಹುಡುಗಿ ಶಾಲೆಯ ವೇಷಭೂಷಣ ಸ್ಪರ್ಧೆಯಲ್ಲಿ ಕಿತ್ತೂರು ಚೆನ್ನಮ್ಮನಾಗಿ ಬಹುಮಾನ ಪಡೆದವಳು. ಆ ಫೋಟೊ ಗೋಡೆಯ ಮೇಲೆಯೇ ಇತ್ತು. "ಕಿತ್ತೂರಿನ ಅರಮನೆಯನ್ನು ನೋಡಿದ್ದೀಯೇನಮ್ಮ?" ಎಂದು ಕೇಳಿದೆ. ಅವಳು ತಂದೆಯ ಮುಖ ನೋಡಿದಳು. ತಂದೆ ನಗುತ್ತಾ ಹೇಳಿದರು: "ಅಲ್ಲೇನೈತ್ರೀ ನೋಡಾಕ? ಬರೀ ಬಿದ್ದ ಗ್ವಾಡಿ."

ಓದುಗರೇ, ಈ ಲೇಖನ ಬರೆಯುತ್ತಿರುವುದು ಆ ಒಂದು ಮಾತಿನ ವಿರುದ್ಧ. ಅದನ್ನು ಆಡಿದವರು ಸಜ್ಜನರು, ನನ್ನ ಆತ್ಮೀಯರು. ಆದರೆ ಅದು ಅವರೊಬ್ಬರ ಮಾತಲ್ಲ. ಅದನ್ನು ನೀವೂ ಆಡಿದ್ದೀರಿ, ನಾನೂ ಆಡಿದ್ದೇನೆ. ಹೀಗೆ ಎಲ್ಲರೂ ಆಡುತ್ತಾ ಬಂದುದರಿಂದಲೇ ಆ ಗೋಡೆಗಳು ಇನ್ನಷ್ಟು ಬೀಳುತ್ತಿವೆ.

ಮೊದಲು ರೋಮನ್ನೇ ನೋಡೋಣ. ಜಗತ್ತಿನ ಜನ ಹಣ ಕೊಟ್ಟು, ಸಾಲುಗಟ್ಟಿ ನಿಂತು ನೋಡುವ ರೋಮನ್ ಫೋರಮ್ ಎಂಬ ಬಯಲಿನಲ್ಲಿ ಇರುವುದಾದರೂ ಏನು? ಬಿದ್ದ ಗೋಡೆಗಳು, ಮುರಿದ ಕಂಬಗಳು, ಅಡಿಪಾಯದ ಕಲ್ಲುಗಳು. ಅಷ್ಟೇ ಅಲ್ಲ, ಒಂದು ಕಾಲದಲ್ಲಿ ಸ್ವತಃ ರೋಮಿನ ಜನರಿಗೇ ಅದರ ಬೆಲೆ ತಿಳಿದಿರಲಿಲ್ಲ. ಶತಮಾನಗಳವರೆಗೆ ಅಲ್ಲಿ ದನಗಳು ಮೇಯುತ್ತಿದ್ದವು. ಆ ಸ್ಥಳಕ್ಕೆ 'ಕಾಂಪೊ ವಾಚ್ಚಿನೊ', ಅಂದರೆ ದನಗಳ ಬಯಲು, ಎಂದೇ ಹೆಸರು ಬಿದ್ದಿತ್ತು. ಅಲ್ಲಿನ ಅಮೃತಶಿಲೆಯನ್ನು ಕಿತ್ತು ಹೊಸ ಕಟ್ಟಡಗಳಿಗೆ ಒಯ್ದರು, ಸುಟ್ಟು ಸುಣ್ಣವನ್ನೂ ಮಾಡಿದರು. 19ನೆಯ ಶತಮಾನದಲ್ಲಿ ಉತ್ಖನನ ಭರದಿಂದ ನಡೆದ ಮೇಲೆ ಬಯಲು ಮತ್ತೆ ಫೋರಮ್ ಆಯಿತು. ಕಲ್ಲುಗಳು ಮೊದಲೂ ಇದ್ದವು. ಇಲ್ಲದಿದ್ದುದು ಅವುಗಳನ್ನು ಓದಬಲ್ಲ ಕಣ್ಣು, ಮತ್ತು ಓದಿದ್ದನ್ನು ಹೇಳಬಲ್ಲ ಬಾಯಿ.

ಸಂಜೆಯ ನಡಿಗೆಯಲ್ಲಿ ನಿಮ್ಮ ಹಣಕ್ಕೆ ದೊರಕುವುದು ಇದೇ. ಇಟಲಿಯಲ್ಲಿ ಮಾರ್ಗದರ್ಶಿಯಾಗಬೇಕಾದರೆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯಬೇಕು. ಅಲ್ಲಿನ ಜನರಿಗೂ ಸಂಜೆ ಮನೆಮಂದಿಯೆಲ್ಲ ಬೀದಿಗಿಳಿದು ನಿಧಾನವಾಗಿ ಅಡ್ಡಾಡುವ ಹಳೆಯ ರೂಢಿಯಿದೆ, ಅದನ್ನು ಅವರು 'ಪಸ್ಸೆಜ್ಜಾತಾ' ಎನ್ನುತ್ತಾರೆ. ತಮ್ಮ ಊರಿನಲ್ಲಿ ತಾವೇ ನಡೆಯುವವರು ಇರುವುದರಿಂದಲೇ ಪರಊರಿನವರನ್ನು ನಡೆಸುವವರೂ ಅಲ್ಲಿ ಹುಟ್ಟಿದ್ದಾರೆ. ನಮ್ಮಲ್ಲಿ ಹಾಗಲ್ಲ. ಕಾರಿನಲ್ಲಿ ಬಂದು, ಬಾಗಿಲ ಮುಂದೆ ನಿಂತು ಫೋಟೊ ತೆಗೆಸಿಕೊಂಡು, "ನೋಡಿದ್ದಾಯಿತು" ಎಂದು ಹೊರಡುತ್ತೇವೆ.

ಈಗ ಕಿತ್ತೂರಿಗೆ ಬನ್ನಿ. ನಾಲ್ಕೂವರೆಗೆ, ವಸ್ತುಸಂಗ್ರಹಾಲಯ ಮುಚ್ಚುವ ಮೊದಲೇ ಬನ್ನಿ. 17ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಪ್ಪಗೌಡ ದೇಸಾಯಿ ಕಟ್ಟಿಸಿದ ಕೋಟೆಯಿದು. ಕಂದಕವನ್ನು ದಾಟಿ ಒಳಗೆ ನಡೆದರೆ ಅರಮನೆಯ ಗೋಡೆಗಳು ಕಾಣುತ್ತವೆ. ಬಲ್ಲವರೊಬ್ಬರು ಜೊತೆಗಿದ್ದರೆ ಅವರು ಬಾಗಿಲಲ್ಲಿಯೇ ನಿಲ್ಲಿಸಿ ಹೇಳುವ ಮಾತು ಇದು: 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಅವನು ಪಡೆದಿದ್ದ ದತ್ತುಪುತ್ರನನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಸೈನ್ಯದೊಡನೆ ಬಂದು ಈ ಬಾಗಿಲಿನ ಮುಂದೆ ನಿಂತ. ಅಕ್ಟೋಬರ್ 23ರಂದು ಬಾಗಿಲು ತೆರೆಯಿತು. ಹೊರಬಂದದ್ದು ಶರಣಾಗತಿಯಲ್ಲ, ಕಿತ್ತೂರಿನ ದಂಡು. ಥ್ಯಾಕರೆ ಅಂದೇ ಮಡಿದ. ಅವನನ್ನು ಕೆಡವಿದ ಗುಂಡು ಅಮಟೂರು ಬಾಳಪ್ಪನದೆಂದು ನಾಡು ನೆನೆಯುತ್ತದೆ. ಡಿಸೆಂಬರಿನ ಮೊದಲ ವಾರದಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ಭಾರತದ ಬೇರೆ ಕಡೆ ಜನ 1857ನ್ನು ಹೇಳುತ್ತಾರೆ. ಈ ಗೋಡೆಗಳು ಅದಕ್ಕಿಂತ 33 ವರ್ಷ ಹಿರಿಯ ಸಾಕ್ಷಿಗಳು.

ಅದೇ ಸ್ಥಳದಲ್ಲಿ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಅಂದು ಸೆರೆಸಿಕ್ಕ ಕಂಪನಿಯ ಇಬ್ಬರು ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಆಗ ಅವನಿಗೆ 21 ವರ್ಷ. ಸೆರೆಯಲ್ಲಿದ್ದ ಅವರನ್ನು ಕೊಲ್ಲಲಿಲ್ಲ, ಮುಂದೆ ಬಿಡುಗಡೆ ಮಾಡಲಾಯಿತು. ಜೀವ ಉಳಿದ ಆ ತರುಣ ನಂತರದ ವರ್ಷಗಳಲ್ಲಿ ಈ ಸೀಮೆಯ ಊರೂರುಗಳ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿದ. ಚಾಲುಕ್ಯರ ಇತಿಹಾಸವನ್ನು ತಿಳಿಯಲು ಆ ಸಂಗ್ರಹ ಮೊದಲ ಮೆಟ್ಟಿಲಾಯಿತು. ಸೆರೆಯಾಳಾಗಿದ್ದ ಪರದೇಶಿ ನಮ್ಮ ಕಲ್ಲುಗಳನ್ನು ಓದಿಸಿದ. ಆ ಕಲ್ಲುಗಳ ವಾರಸುದಾರರಾದ ನಾವು "ಅಲ್ಲೇನಿದೆ" ಎನ್ನುತ್ತಿದ್ದೇವೆ. ಇದಕ್ಕಿಂತ ನಾಚಿಕೆಯ ಮಾತು ಬೇರೆ ಉಂಟೇ?

ಕಿತ್ತೂರಿನಿಂದ ಬೈಲಹೊಂಗಲಕ್ಕೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ರಾಣಿಯನ್ನು ಸೆರೆಯಲ್ಲಿಟ್ಟದ್ದು ಇಲ್ಲಿಯ ಕೋಟೆಯಲ್ಲಿ. ಅವಳು ಕಣ್ಣು ಮುಚ್ಚಿದ್ದು 1829ರಲ್ಲಿ, ನಾಲ್ಕು ವರ್ಷಗಳ ಬಂಧನದ ನಂತರ. ಅವಳ ಸಮಾಧಿ ಊರೊಳಗೇ ಇದೆ. ಪೇಟೆಗೆ ಹೋಗಿ ಬರುವ ದಾರಿಯಲ್ಲಿ ಅದನ್ನು ನೀವು ಸಾವಿರ ಸಲ ದಾಟಿರಬಹುದು. ಹತ್ತು ನಿಮಿಷ ಅಲ್ಲಿ ನಿಂತಿರೇ? ಅದೇ ತಾಲೂಕಿನ ಸಂಗೊಳ್ಳಿಯ ರಾಯಣ್ಣ ಅವಳ ನಂತರವೂ ಹೋರಾಡಿ, 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದ. 2007ರಲ್ಲಿ ದೆಹಲಿಯ ಸಂಸತ್ ಭವನದ ಆವರಣದಲ್ಲಿ ಚೆನ್ನಮ್ಮನ ಪ್ರತಿಮೆ ಸ್ಥಾಪನೆಯಾದಾಗ ನಾವೆಲ್ಲ ಹೆಮ್ಮೆಪಟ್ಟೆವು. ದೆಹಲಿಯ ಪ್ರತಿಮೆಗೆ ಹೆಮ್ಮೆಪಡುವುದು ಸುಲಭ. ಓಣಿಯ ಸಮಾಧಿಗೆ ನಡೆದು ಹೋಗುವುದೇ ಕಷ್ಟ.

ಸವದತ್ತಿಯ ಹೆಸರು ಹೇಳಿದೊಡನೆ ಎಲ್ಲಮ್ಮನ ಗುಡ್ಡದ ಜಾತ್ರೆಯೊಂದೇ ನೆನಪಾಗುತ್ತದೆ. ಆದರೆ ಅದು 'ಸುಗಂಧವರ್ತಿ' ಎಂಬ ಹೆಸರಿನಿಂದ ರಟ್ಟರ ರಾಜಧಾನಿಯಾಗಿತ್ತು. ರಟ್ಟರು ಬೆಳಗಾವಿಗೆ ಹೋದದ್ದು ಆಮೇಲೆ. ಊರೊಳಗಿನ ಕೋಟೆಯನ್ನು ಕಟ್ಟಿಸಿದವನು ಶಿರಸಂಗಿ ಮನೆತನದ ಜಾಯಪ್ಪ ದೇಸಾಯಿ. ಅದೇ ಮನೆತನದ ಲಿಂಗರಾಜ ದೇಸಾಯಿ 1906ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಆಸ್ತಿಯನ್ನು ಬಡ ವಿದ್ಯಾರ್ಥಿಗಳ ಓದಿಗೆ ಮೀಸಲಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಓದಿದವರು ನಿಮ್ಮ ಮನೆಯಲ್ಲೇ ಇರಬಹುದು. ಆ ಹೆಸರು ಯಾರದೆಂದು ಅವರನ್ನು ಕೇಳಿ ನೋಡಿ. ಹತ್ತಿರದ ಹೂಲಿಯಲ್ಲಿ ಪಂಚಲಿಂಗೇಶ್ವರ ಗುಡಿಯಿಂದ ಆರಂಭಿಸಿ ಹಳೆಯ ಗುಡಿಗಳನ್ನು ನೋಡುತ್ತಾ ನಡೆದರೆ ಒಂದು ಸಂಜೆ ಸಾಲದು. ರಾಮದುರ್ಗ 1948ರವರೆಗೆ ತನ್ನದೇ ರಾಜನಿದ್ದ ಸಂಸ್ಥಾನ. 1939ರ ಏಪ್ರಿಲಿನಲ್ಲಿ ಅಲ್ಲಿಯ ಪ್ರಜೆಗಳ ಚಳವಳಿ ರಕ್ತಪಾತಕ್ಕೆ ತಿರುಗಿ, ಗಾಂಧೀಜಿಯವರ ಮನಸ್ಸನ್ನು ನೋಯಿಸಿತು. ಮಲಪ್ರಭೆಯ ದಂಡೆಯ ಆ ಊರಿನಲ್ಲಿ ಇದನ್ನು ಹಿರಿಯರಿಂದ ಕೇಳಿದ ಕೊನೆಯ ತಲೆಮಾರು ಈಗ ಮುಪ್ಪಿನಲ್ಲಿದೆ. ಅವರು ಹೋದರೆ ಓಣಿಗಳು ಉಳಿಯುತ್ತವೆ, ಮಾತು ಉಳಿಯುವುದಿಲ್ಲ.

"ಇದೆಲ್ಲ ಸರ್ಕಾರದ ಕೆಲಸವಲ್ಲವೇ? ಕಿತ್ತೂರು ಉತ್ಸವ ಮಾಡುತ್ತಾರಲ್ಲ?" ಎಂದು ನೀವು ಕೇಳಬಹುದು. ಉತ್ಸವ ಬೇಡವೆಂದು ನಾನು ಹೇಳುವುದಿಲ್ಲ. ಪ್ರತಿವರ್ಷ ಅಕ್ಟೋಬರಿನಲ್ಲಿ ನಡೆಯುವ ಆ ಹಬ್ಬದಿಂದ ಸಾವಿರಾರು ಜನರಿಗೆ ರಾಣಿಯ ಹೆಸರು ಮುಟ್ಟಿದೆ. ಆದರೆ ವೇದಿಕೆಯ ಮುಂದೆ ಕುಳಿತವನು ಧ್ವನಿವರ್ಧಕವನ್ನು ಕೇಳುತ್ತಾನೆ, ಗೋಡೆಯ ಪಕ್ಕದಲ್ಲಿ ನಡೆಯುವವನು ಗೋಡೆಯನ್ನು ಕೇಳುತ್ತಾನೆ. ವರ್ಷದಲ್ಲಿ ಮೂರು ದಿನ ಜಯಘೋಷ ಮಾಡಿ ಉಳಿದ ದಿನ ಮರೆಯುವುದಕ್ಕೆ ಅಭಿಮಾನವೆಂಬ ಹೆಸರು ಒಪ್ಪುವುದಿಲ್ಲ. ಮೈಸೂರಿನಲ್ಲಿ ದಸರೆಯ ಹೊತ್ತಿಗೆ ಪಾರಂಪರಿಕ ನಡಿಗೆ ನಡೆಯುತ್ತದೆ. ಅದು ಅರಸರ ಊರಿಗೆ ಮಾತ್ರ ಸಲ್ಲುವ ಭಾಗ್ಯವೇನಲ್ಲ.

ಇನ್ನು ಕೆಲವರ ಮನಸ್ಸಿನಲ್ಲಿರುವ, ಆದರೆ ಬಾಯಿಗೆ ಬಾರದ ಮಾತೊಂದಿದೆ: "ಇದು ನಮ್ಮ ಇತಿಹಾಸವೇ?" ಓದುಗರೇ, ಇದಕ್ಕೆ ನೇರವಾಗಿ ಉತ್ತರಿಸಬೇಕು. ಥ್ಯಾಕರೆ ಹೆಸರಿಗೆ ಕ್ರೈಸ್ತ. ಆದರೆ ಅವನು ಆ ಬಾಗಿಲಿಗೆ ತಂದದ್ದು ಶುಭಸಂದೇಶವಲ್ಲ, ತೋಪು. ವಿಧವೆಯೊಬ್ಬಳ ಮನೆಯ ಹಕ್ಕನ್ನು ಕಸಿಯಲು ಬಂದವನ ಕಡೆ ನಿಲ್ಲಲು ನಮ್ಮ ವಿಶ್ವಾಸ ನಮಗೆ ಕಲಿಸಿಲ್ಲ. ಆ ಬಾಗಿಲಿನಲ್ಲಿ ನಮ್ಮ ಮಕ್ಕಳನ್ನು ನಿಲ್ಲಿಸಿ, ನಾವು ಈ ಮಣ್ಣಿನವರು, ಈ ರಾಣಿ ನಮ್ಮವಳು ಎಂದು ನಾವೇ ಹೇಳದಿದ್ದರೆ, ನಾವು ಹೊರಗಿನವರೆಂದು ಹೇಳಲು ಬೇರೆಯವರು ಕಾದಿದ್ದಾರೆ. ರೋಮಿನ ಓಣಿಗಳನ್ನು ಬಲ್ಲ, ಕಿತ್ತೂರಿನ ಓಣಿಯನ್ನು ಅರಿಯದ ಮಗು ಅವರಿಗೆ ಏನೆಂದು ಉತ್ತರಿಸೀತು?

ಹಾಗೆಂದು ಬರೀ ಹೊಗಳಿಕೆಯ ನಡಿಗೆಯೂ ಬೇಡ. ರೋಮಿನ ಕಾಂಪೊ ದೆ ಫಿಯೋರಿ ಚೌಕದಲ್ಲಿ ಬೆಳಿಗ್ಗೆ ತರಕಾರಿ ಸಂತೆ ನಡೆಯುತ್ತದೆ. ಅದರ ನಡುವೆ ಜೋರ್ದಾನೊ ಬ್ರೂನೊ ಎಂಬ ಚಿಂತಕನ ಪ್ರತಿಮೆಯಿದೆ. 1600ರ ಫೆಬ್ರವರಿ 17ರಂದು ಪಾಷಂಡಿ ಎಂಬ ತೀರ್ಪಿನ ಮೇಲೆ ಅವನನ್ನು ಜೀವಂತ ಸುಟ್ಟ ಸ್ಥಳವದು. 1889ರಿಂದ ಆ ಪ್ರತಿಮೆ ಅಲ್ಲಿಯೇ ನಿಂತಿದೆ. ಸಂಜೆಯ ಮಾರ್ಗದರ್ಶಿ ಅದನ್ನು ಬಳಸಿ ಹೋಗಲಿಲ್ಲ. ನಿಂತು, ನಡೆದುದನ್ನು ನಡೆದ ಹಾಗೆಯೇ ಹೇಳಿದಳಂತೆ. 2000ದ ಮಾರ್ಚ್ 12ರಂದು ಜಗದ್ಗುರು ಎರಡನೆಯ ಜಾನ್ ಪಾಲರು ಸತ್ಯದ ಹೆಸರಿನಲ್ಲಿ ನಡೆದ ಹಿಂಸೆಗಾಗಿ ಬಹಿರಂಗವಾಗಿ ಕ್ಷಮೆ ಬೇಡಿದರು. ನಮ್ಮ ನಡಿಗೆಯಲ್ಲಿಯೂ ಅದೇ ಧೈರ್ಯವಿರಲಿ. ಕಿತ್ತೂರು ಸೋತದ್ದರಲ್ಲಿ ಒಳಗಿನವರ ದ್ರೋಹದ ಮಾತೂ ಇದೆ. ರಾಮದುರ್ಗದ ರಕ್ತಪಾತದಲ್ಲಿ ತಪ್ಪು ಒಂದೇ ಕಡೆಯದಲ್ಲ. ಮಕ್ಕಳಿಗೆ ಗೆದ್ದ ದಿನವನ್ನಷ್ಟೇ ಹೇಳಿ ಸೋತ ದಿನವನ್ನು ಮುಚ್ಚಿಟ್ಟರೆ ಅವರು ಕಲಿಯುವುದು ಜಂಬವನ್ನು, ಇತಿಹಾಸವನ್ನಲ್ಲ.

ಮಾಡಬೇಕಾದುದು ದೊಡ್ಡದೇನಲ್ಲ. ತಿಂಗಳಲ್ಲಿ ಒಂದು ಭಾನುವಾರದ ಸಂಜೆ. ಇಪ್ಪತ್ತು ಜನ ಸಾಕು, ಹೆಚ್ಚಾದರೆ ಹಿಂದಿನವರಿಗೆ ಮಾತು ಕೇಳಿಸದು. ಊರಿನ ನಿವೃತ್ತ ಶಿಕ್ಷಕರೊಬ್ಬರು, ಅವರು ಯಾವ ಧರ್ಮದವರಾದರೂ ಸರಿ, ಮುಂದೆ ನಡೆಯಲಿ. ಅವರಿಗೆ ಗೌರವಧನ ಕೊಡಿ. ರೋಮಿನ ಮಾರ್ಗದರ್ಶಿಗೆ ಕೊಟ್ಟಿರಲ್ಲವೇ? ಅಜ್ಜ ಅಜ್ಜಿಯರನ್ನು ಕರೆದುಕೊಂಡು ಹೋಗಿ, ಅವರ ನಡಿಗೆಯ ವೇಗವೇ ಎಲ್ಲರ ವೇಗವಾಗಲಿ. ಕೇಳಿದ್ದನ್ನು ಮಕ್ಕಳು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳಲಿ. ಗೋಡೆಯ ಮೇಲೆ ಹೆಸರು ಕೆತ್ತಬಾರದು, ಪ್ಲಾಸ್ಟಿಕ್ ಎಸೆಯಬಾರದು. ಕೊನೆಗೆ ಎಲ್ಲರೂ ಕೂಡಿ ಗಿರಮಿಟ್ಟು ತಿಂದು ಮನೆಗೆ ಬನ್ನಿ. ನಿಮ್ಮ ಧರ್ಮಕೇಂದ್ರದಲ್ಲಿ ಇದನ್ನು ಆರಂಭಿಸಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.

ರೋಮಿಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಹೋಗಿ ಬನ್ನಿ, ಆದರೆ ಅಲ್ಲಿ ಕಲಿತದ್ದನ್ನು ಇಲ್ಲಿಗೆ ತನ್ನಿ. ಕಿತ್ತೂರಿನ ಅರಮನೆಯ ಗೋಡೆಯಲ್ಲಿ ಧ್ರುವ ನಕ್ಷತ್ರವನ್ನು ನೋಡಲು ಮಾಡಿದ ಒಂದು ಕಿಂಡಿಯಿದೆ. ಧ್ರುವ ನಕ್ಷತ್ರ ಆಕಾಶದಲ್ಲಿ ಎಷ್ಟು ಎತ್ತರಕ್ಕೆ ಕಾಣುತ್ತದೆಂಬುದು ನೀವು ನಿಂತ ಊರಿನ ಅಕ್ಷಾಂಶದ ಮೇಲೆ ನಿಂತಿದೆ. ರೋಮಿನಲ್ಲಿ ಅದು ಸುಮಾರು 42 ಡಿಗ್ರಿ ಎತ್ತರದಲ್ಲಿ ಹೊಳೆಯುತ್ತದೆ. ಕಿತ್ತೂರಿನಲ್ಲಿ ಸುಮಾರು 16 ಡಿಗ್ರಿ, ಅಂದರೆ ಉತ್ತರ ದಿಗಂತಕ್ಕೆ ಹತ್ತಿರದಲ್ಲಿ. ಎರಡೂ ಕಡೆ ನಕ್ಷತ್ರ ಒಂದೇ, ಆದರೆ ಇಲ್ಲಿ ತಗ್ಗಿನಲ್ಲಿರುವುದರಿಂದ ಅದನ್ನು ಕಾಣಲು ಇಲ್ಲಿಯೇ ನಿಂತು, ಉತ್ತರಕ್ಕೆ ಮುಖ ಮಾಡಿ ಹುಡುಕಬೇಕು. ಆ ಕಿಂಡಿ ಮಾಡಿದವರು ಹುಡುಕಿದ್ದರು.

ಮೊನ್ನೆ ಆ ಹುಡುಗಿಯ ತಂದೆಗೆ ಫೋನ್ ಮಾಡಿದೆ. ಬರುವ ಎರಡನೆಯ ಭಾನುವಾರ ನಾಲ್ಕೂವರೆಗೆ ಕೋಟೆಯ ಬಾಗಿಲಲ್ಲಿ ಸೇರೋಣವೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತ್ರೀ, ಬರ್ತೀವಿ" ಎಂದರು. ಓದುಗರೇ, ನೀವು ಎಂದು ಹೊರಡುವಿರಿ?